ಹತ್ತು ಹಾಸಿಗೆ, ಹನ್ನೊಂದು ಮಂದಿ

"ನಾನು ಹಡಗು ಹತ್ತದೇನೇ ಹೋಗಿಬಿಡ್ತೀನೇನೋ" ಎಂದು ಅಮ್ಮಿ ಹೇಳಿದ್ದು 2018ರ ರಮಝಾನಿನಲ್ಲಿ. ಇಫ್ತಾರ್ ಆಗಿ, ಮಗ್ರಿಬ್ ನಮಾಝ್ ಮುಗಿಸಿ, ಚಾಮರಾಜಪೇಟೆಯ ನಮ್ಮ ತವರು ಮನೆಯ ನಡುಕೋಣೆಯಲ್ಲಿ ಎಲ್ಲರೂ ಚಹಾ ಕುಡಿಯುತ್ತಾ ಕುಳಿತಿದ್ದೆವು. ಯಾರೂ ಹಡಗಿನ ವಿಷಯ ಎತ್ತಿರಲಿಲ್ಲ. ಆದರೆ ನಮಗೆ ಆಶ್ಚರ್ಯವೇನೂ ಆಗಲಿಲ್ಲ. ಅಮ್ಮಿಯ ಬಾಯಲ್ಲಿ ಈ ಮಾತು ನಾವು ಚಿಕ್ಕವರಿದ್ದಾಗಿನಿಂದಲೂ ಇತ್ತು.

ಅದಕ್ಕೆ ಕಾರಣ ನಾನಾ, ಅಂದರೆ ಅಮ್ಮಿಯ ತಂದೆ. ಅವರು 1974ರಲ್ಲಿ ಮುಂಬೈಯಿಂದ ಹಡಗಿನಲ್ಲಿ ಹಜ್ಜಿಗೆ ಹೋಗಿದ್ದರು. ಆಗ ಹಾಜಿಗಳನ್ನು ಒಯ್ಯುತ್ತಿದ್ದುದು ಮೊಗಲ್ ಲೈನ್ ಎಂಬ ಕಂಪೆನಿ. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಸಾಬು ಸಿದ್ದೀಕ್ ಮುಸಾಫಿರ್‌ಖಾನಾದಲ್ಲಿ ದಿನಗಟ್ಟಲೆ ಕಾದು, ಟಿನ್ನಿನ ಟ್ರಂಕು, ಹಾಸಿಗೆ ಸುರುಳಿ, ಅಕ್ಕಿ ರೊಟ್ಟಿಯ ಡಬ್ಬ ಹೊತ್ತು ನಾನಾ ಹಡಗು ಹತ್ತಿದ್ದರು. ಅವರದು ಡೆಕ್ ಕ್ಲಾಸ್. ದುಡ್ಡಿದ್ದವರಿಗೆ ಕ್ಯಾಬಿನ್, ಇಲ್ಲದವರಿಗೆ ಡೆಕ್. ಜಿದ್ದಾ ಸೇರಲು ಒಂದು ವಾರಕ್ಕೂ ಮಿಗಿಲು. ಯಲಮ್‌ಲಮ್ ಹತ್ತಿರ ಬಂದಾಗ ಹಡಗು ಸೈರನ್ ಕೂಗಿತಂತೆ, ಅಷ್ಟೂ ಜನ ಒಟ್ಟಿಗೆ ಇಹ್ರಾಮ್ ಧರಿಸಿದರಂತೆ, ಲಬ್ಬೈಕ್ ಎಂಬ ಕೂಗಿಗೆ ಸಮುದ್ರವೇ ನಡುಗಿದಂತಾಯಿತಂತೆ. ಆಗ ಅಮ್ಮಿಗೆ ಇಪ್ಪತ್ತೆಂಟು ವರ್ಷ, ಮಡಿಲಲ್ಲಿ ನಮ್ಮ ಆಪಾ. ತಂದೆಯ ಬಾಯಿಂದ ಈ ಕತೆ ಕೇಳಿದಾಗಲೇ ಅವರು ನಿಯ್ಯತ್ ಮಾಡಿಕೊಂಡಿದ್ದರು, ಹೋದರೆ ಹಡಗಿನಲ್ಲೇ ಹೋಗಬೇಕು ಎಂದು.

ಆದರೆ ಅಬ್ಬಾ ಮತ್ತು ಅಮ್ಮಿಗೆ ಹಜ್ಜಿನ ಅವಕಾಶ ಬಂದದ್ದು 2009ರಲ್ಲಿ. ಅಷ್ಟರಲ್ಲಿ ಹಜ್ಜಿನ ಹಡಗುಗಳು ನಿಂತು ಹೋಗಿ ಹದಿನಾಲ್ಕು ವರ್ಷ ಕಳೆದಿದ್ದವು. 1995ರಲ್ಲಿ ಹೋದದ್ದೇ ಕೊನೆ. ಅಮ್ಮಿ ವಿಮಾನದಲ್ಲಿ ಹೋಗಿ ಬಂದರು. ಹಜ್ ಮಬ್ರೂರ್ ಆಗಲಿ ಎಂದು ಎಲ್ಲರೂ ದುಆ ಮಾಡಿದೆವು. "ಕಿಟಕಿಯಿಂದ ಕೆಳಗೆ ನೋಡಿದೆ, ಬರೀ ಮೋಡ. ಸಮುದ್ರ ಎಲ್ಲಿ ಅಂತ ನಿಮ್ಮ ಅಬ್ಬಾನ ಕೇಳಿದೆ, ಅವರು ನಿದ್ದೆ ಮಾಡ್ತಿದ್ರು" ಎಂದಷ್ಟೇ ಹೇಳಿದ್ದರು. ಮುಂದೆ ಅಬ್ಬಾ ತೀರಿಕೊಂಡರು. ಕೆ.ಆರ್. ಮಾರ್ಕೆಟ್ ಹತ್ತಿರ ಅವರಿಗಿದ್ದ ಚಿಕ್ಕ ಬಾಡಿಗೆ ಅಂಗಡಿಯನ್ನು ಬಿಟ್ಟುಕೊಟ್ಟಾಗ ಬಂದ ಮುಂಗಡ ಹಣದಲ್ಲಿ ಅಮ್ಮಿಯ ಪಾಲು ಬ್ಯಾಂಕಿನಲ್ಲಿತ್ತು. ಅದರಿಂದ ಒಂದೂವರೆ ಲಕ್ಷ ತೆಗೆದು "ಇದು ನನ್ನದು. ಮಿಕ್ಕದ್ದು ನೀವು ಹಾಕಿ. ಎಲ್ಲರೂ ಹೋಗೋಣ. ಒಬ್ಬರನ್ನೂ ಬಿಡೋ ಹಾಗಿಲ್ಲ" ಎಂದರು.

ಎಲ್ಲರೂ ಎಂದರೆ ಹನ್ನೊಂದು ಮಂದಿ. ಅಮ್ಮಿ, ಆಪಾ, ಆಪಾಳ ಹತ್ತೊಂಬತ್ತರ ಮಗಳು. ನಾನು, ನನ್ನ ಯಜಮಾನರು, ಹದಿನೈದರ ಮಗ, ಹನ್ನೊಂದರ ಮಗಳು. ತಮ್ಮ, ಅವನ ಹೆಂಡತಿ, ಅವರ ಎಂಟು ವರ್ಷದ ಮಗ, ನಾಲ್ಕು ವರ್ಷದ ಮಗಳು.

ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಬಿ.ಎ. ಮಾಡಿದವಳು ನಾನೊಬ್ಬಳೇ, ಸಾಲದ್ದಕ್ಕೆ ಮದ್ರಸಾದಲ್ಲಿ ಓದಿದವಳು. ದುಡ್ಡಿನ ಲೆಕ್ಕಕ್ಕೂ ನಾನೇ, ಮಸಲೆಗೂ ನಾನೇ.

ಮೊದಲು ಮುಂಬೈ ಕಡೆ ನೋಡಿದೆವು. ಆ ಅಕ್ಟೋಬರಿನಲ್ಲಿ ಮುಂಬೈ ಮತ್ತು ಗೋವಾ ನಡುವೆ ಆಂಗ್ರಿಯಾ ಎಂಬ ಹಡಗು ಶುರುವಾಗಿತ್ತು. ಒಂದೇ ರಾತ್ರಿಯ ಪ್ರಯಾಣ. ಕೊಚ್ಚಿ ಮಾರ್ಗವಾಗಿ ಮಾಲ್ಡೀವ್ಸಿಗೆ ಹೋಗುವ ಕೋಸ್ತಾ ಕಂಪೆನಿಯ ದೊಡ್ಡ ಹಡಗೂ ಇತ್ತು, ಅದಕ್ಕೆ ಎಲ್ಲರಿಗೂ ಪಾಸ್‌ಪೋರ್ಟ್ ಬೇಕು. ಏಜೆಂಟರೊಬ್ಬರು ಮೊದಲು ಹೇಳಿದ ದರ ಕೇಳಿ ನಮ್ಮ ಕೈಗೆ ಎಟುಕುತ್ತದೆ ಎನಿಸಿತು. ಆಮೇಲೆ ಗೊತ್ತಾಯಿತು, ಅದು ತಲೆಗೆ ಇಷ್ಟು ಎಂಬ ದರ, ಅದೂ ಒಂದು ಕ್ಯಾಬಿನ್‌ನಲ್ಲಿ ಇಬ್ಬರಿದ್ದರೆ. ಅದರ ಮೇಲೆ ತೆರಿಗೆ ಬೇರೆ, ಬಂದರಿನ ಶುಲ್ಕ ಬೇರೆ, ಸೇವೆಯ ಹಣ ಬೇರೆ. ಕೂಡಿಸಿದಾಗ ಮೊದಲು ಹೇಳಿದ ಮೊತ್ತ ಎಲ್ಲೋ ಹಿಂದೆ ಉಳಿದಿತ್ತು. ಕೊಟ್ಟಿದ್ದ ಮುಂಗಡ ವಾಪಸ್ ಪಡೆಯಲು ತಮ್ಮ ಎರಡು ತಿಂಗಳು ಅಲೆದ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಾವು ಹಡಗಿನಲ್ಲಿ ಹೋಗಿ ಬಂದವರೆಂದು ತಿಳಿದು ಈಗಲೂ ಪರಿಚಯದ ಹೆಂಗಸರು ನನ್ನನ್ನು ಕೇಳುತ್ತಾರೆ. ಆಂಗ್ರಿಯಾ ಈಗ ಓಡುತ್ತಿಲ್ಲ. 2021ರ ಸೆಪ್ಟೆಂಬರಿನಿಂದ ಮುಂಬೈಯಿಂದ ಕಾರ್ಡೇಲಿಯಾದವರ ಎಂಪ್ರೆಸ್ ಎಂಬ, 1990ರಲ್ಲಿ ಕಟ್ಟಿದ ಹಡಗು ಬಂದಿದೆ. ಇಂಥ ದೊಡ್ಡ ಹಡಗುಗಳಲ್ಲಿ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಎಲ್ಲಕ್ಕಿಂತ ಅಗ್ಗ. ಅದರ ಮೇಲೆ ಕಿಟಕಿಯದ್ದು, ಅದರ ಮೇಲೆ ಬಾಲ್ಕನಿಯದ್ದು. ಮೂರನೆಯ ಮತ್ತು ನಾಲ್ಕನೆಯ ವ್ಯಕ್ತಿಗೆ ಸಾಮಾನ್ಯವಾಗಿ ದರ ಕಡಿಮೆ. ಆದ್ದರಿಂದ ನಾಲ್ವರು ಒಂದೇ ಕ್ಯಾಬಿನ್‌ನಲ್ಲಿ ಇದ್ದರೆ ಉಳಿತಾಯವುಂಟು. ಆದರೆ ನಾಲ್ಕು ಹಾಸಿಗೆಯ ಕ್ಯಾಬಿನ್‌ಗಳು ಕೆಲವೇ ಇರುತ್ತವೆ, ಬೇಗ ತುಂಬಿ ಹೋಗುತ್ತವೆ. ಮೇಲಿನ ಎರಡು ಹಾಸಿಗೆಗಳು ಗೋಡೆಯಿಂದಲೋ ಸೂರಿನಿಂದಲೋ ಇಳಿಯುತ್ತವೆ, ಏಣಿ ಹತ್ತಬೇಕು. ಹಾಲು ಕುಡಿಯುವ ಕೂಸೂ ಅಲ್ಲಿ ಒಂದು ತಲೆಯೇ, ಏಕೆಂದರೆ ಜೀವರಕ್ಷಕ ದೋಣಿಯಲ್ಲಿ ಅದಕ್ಕೂ ಒಂದು ಜಾಗ ಬೇಕು. ತುಂಬಿದ ಬಸುರಿಯರನ್ನು, ಆರು ತಿಂಗಳೊಳಗಿನ ಕೂಸುಗಳನ್ನು ಹೆಚ್ಚಿನ ಕಂಪೆನಿಗಳು ಹತ್ತಿಸಿಕೊಳ್ಳುವುದಿಲ್ಲ. ಹೊಟ್ಟೆ ತೊಳಸುವವರಿಗೆ ಹಡಗಿನ ನಡುಭಾಗದ, ಕೆಳಗಿನ ಮಹಡಿಯ ಕ್ಯಾಬಿನ್ ಒಳ್ಳೆಯದು. ತೊಟ್ಟಿಲಿನ ಹಾಗೆ ತುದಿಗಳು ಹೆಚ್ಚು ತೂಗುತ್ತವೆ, ನಡು ಕಡಿಮೆ ತೂಗುತ್ತದೆ. ಅದೃಷ್ಟವಶಾತ್ ಅಗ್ಗದ ಕ್ಯಾಬಿನ್‌ಗಳೂ ಹೆಚ್ಚಾಗಿ ಕೆಳಗೇ ಇರುತ್ತವೆ. ಒಂದೇ ಒಂದು, ಕ್ಯಾಬಿನ್ ಆರಿಸುವಾಗ ಅದರ ಮೇಲೆ ಕೆಳಗೆ ಏನಿದೆ ನೋಡಿಕೊಳ್ಳಿ. ಕುಣಿತದ ಹಾಲಿನ ಕೆಳಗೆ ಮಲಗಿ ತಹಜ್ಜುದ್‌ಗೆ ಏಳುವುದು ಸುಲಭವಲ್ಲ! ಜೂಜು, ಮದ್ಯ ಇರುವ ಜಾಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬೇಕೇ ಎಂಬುದು ನಿಮಗೆ ಬಿಟ್ಟದ್ದು. ನಮ್ಮ ಅಮ್ಮಿಗಂತೂ ಅದನ್ನು ಹೇಳುವ ಧೈರ್ಯವೇ ನಮಗಿರಲಿಲ್ಲ.

ಕೊನೆಗೆ ನಾವು ಆರಿಸಿಕೊಂಡದ್ದು ಲಕ್ಷದ್ವೀಪ. ಕೊಚ್ಚಿಯಿಂದ ದ್ವೀಪದ ಆಡಳಿತದ ಹಡಗುಗಳು ಓಡುತ್ತವೆ. ಆಗ ಸಮುದ್ರಂ ಎಂಬ ಐದು ದಿನದ ಪ್ರವಾಸವಿತ್ತು. ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ, ರಾತ್ರಿ ಹಡಗಿನಲ್ಲೇ ಮಲಗುವುದು. ಊಟ ತಿಂಡಿ ಅದರಲ್ಲೇ ಸೇರಿತ್ತು. 2011ರ ಜನಗಣತಿಯಂತೆ ಲಕ್ಷದ್ವೀಪದ ಜನಸಂಖ್ಯೆ 64,473, ಅದರಲ್ಲಿ ನೂರಕ್ಕೆ ತೊಂಬತ್ತಾರಕ್ಕಿಂತ ಹೆಚ್ಚು ಮಂದಿ ಮುಸ್ಲಿಮರು. ಹಲಾಲ್ ಊಟದ ಚಿಂತೆಯಿಲ್ಲ, ಜನವಸತಿಯ ದ್ವೀಪಗಳಲ್ಲಿ ಆಗ ಮದ್ಯವಿರಲಿಲ್ಲ. ಕೇಳಿ ಅಮ್ಮಿ ಒಪ್ಪಿದರು. ತಮ್ಮ ಮಾತ್ರ ಅವರಿಗೆ ಇನ್ನೊಂದು ಕಾರಣ ಕೊಟ್ಟ. ಕೊಚ್ಚಿಯಿಂದ ದ್ವೀಪಕ್ಕೆ ಒಂದು ಕಾಲದಲ್ಲಿ ಓಡುತ್ತಿದ್ದ ಹಡಗಿನ ಹೆಸರೇ ಟಿಪ್ಪು ಸುಲ್ತಾನ್! ಅಮಿನಿ ಮುಂತಾದ ಉತ್ತರದ ದ್ವೀಪಗಳವರು 1780ರ ದಶಕದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನವನ್ನು ಬಿಟ್ಟು ಟಿಪ್ಪುವಿನ ಆಳ್ವಿಕೆಗೆ ಬಂದವರು. 1799ರ ನಂತರ ಆ ದ್ವೀಪಗಳು ಇಂಗ್ಲಿಷರ ಕೈಸೇರಿ, 1956ರವರೆಗೆ ಮಂಗಳೂರಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ನಮ್ಮ ಮನೆಯಿಂದ ಟಿಪ್ಪುವಿನ ಬೇಸಿಗೆ ಅರಮನೆಗೆ ನಡೆದೇ ಹೋಗಬಹುದು. "ನೋಡಿ, ನಮ್ಮ ಓಣಿಯವರದೇ ದ್ವೀಪ" ಎಂದು ತಮ್ಮ ನಗಿಸಿದ.

ಇನ್ನು ಕ್ಯಾಬಿನ್. ಆ ಪ್ರವಾಸದಲ್ಲಿ ಡೈಮಂಡ್, ಗೋಲ್ಡ್ ಎಂದು ಹೆಸರು. ಡೈಮಂಡ್ ಎಂದರೆ ಎರಡು ಹಾಸಿಗೆಯ ಕ್ಯಾಬಿನ್, ಒಳಗೇ ಶೌಚಾಲಯ. ಗೋಲ್ಡ್ ಎಂದರೆ ಮೇಲೆರಡು ಕೆಳಗೆರಡು, ನಾಲ್ಕು ಹಾಸಿಗೆ. ಶೌಚಾಲಯಕ್ಕೆ ಹೊರಗೆ ಹೋಗಬೇಕು ಎಂದು ಹೋಗಿ ಬಂದವರು ಹೇಳಿದ್ದರು. ತಲೆಗೆ ಎಂಟೊಂಬತ್ತು ಸಾವಿರದಷ್ಟು ಅಂತರ. ಎಲ್ಲರೂ ಗೋಲ್ಡ್ ಎಂದರೂ ರೈಲಿನ ಖರ್ಚೆಲ್ಲ ಸೇರಿ ಮೂರು ಲಕ್ಷದ ಹತ್ತಿರ ಬರುತ್ತಿತ್ತು. ಅಮ್ಮಿಯ ಒಂದೂವರೆ ಹೋದರೆ ಉಳಿದದ್ದನ್ನು ನಾನು ಮತ್ತು ತಮ್ಮ ಹೊರಬೇಕು. ಆಪಾ ತನ್ನ ಚೀಟಿ ಎತ್ತಿ ಹದಿನೈದು ಸಾವಿರ ತಂದು ನನ್ನ ಕೈಗಿಟ್ಟಳು. ಸೀರೆಗೆ ಫಾಲ್ಸ್, ಪಿಕೋ ಹಾಕಿ, ಬ್ಲೌಸ್ ಹೊಲಿದು ಕೂಡಿಟ್ಟ ಹಣ. ಬೇಡವೆಂದರೆ ನೊಂದುಕೊಳ್ಳುತ್ತಾಳೆ. ತೆಗೆದುಕೊಂಡೆ.

ನೋಟ್ ಪುಸ್ತಕ ಹಿಡಿದು ಕೂತೆ. ಹಣಕ್ಕಿಂತ ದೊಡ್ಡ ತೊಡಕು ಯಾರು ಯಾರ ಜೊತೆ ಮಲಗುವುದು ಎಂಬುದು. ನಾಲ್ಕು ನಾಲ್ಕು ಮಂದಿ ಎಂದು ಸುಮ್ಮನೆ ಹಂಚಿಬಿಡಲು ಬರುವುದಿಲ್ಲ. ನನ್ನ ಯಜಮಾನರು ಆಪಾಗೂ ಅವಳ ಮಗಳಿಗೂ ತಮ್ಮನ ಹೆಂಡತಿಗೂ ಗೈರ್ ಮಹ್ರಮ್. ನನ್ನ ಮಗ ಬಾಲಿಗ್ ಆಗಿದ್ದಾನೆ, ಖಾಲಾನ ಮಗಳ ಜೊತೆ ಒಂದೇ ಕೋಣೆಯಲ್ಲಿ ಹೇಗೆ? ಅಂಗಡಿಯಷ್ಟಗಲದ ಕ್ಯಾಬಿನ್‌ನಲ್ಲಿ ಪರದೆ ಎಲ್ಲಿ ಕಟ್ಟುವುದು? ಎಣಿಸಿ ನೋಡಿದರೆ ಅಲ್ಲಾಹನ ದಯೆಯಿಂದ ಗಂಡಸರು ಸರಿಯಾಗಿ ನಾಲ್ಕು: ಯಜಮಾನರು, ತಮ್ಮ, ಇಬ್ಬರು ಹುಡುಗರು. ಅವರಿಗೆ ಒಂದು ಗೋಲ್ಡ್. ಹೆಂಗಸರು ಆರು, ಜೊತೆಗೆ ನಾಲ್ಕು ವರ್ಷದ ಪುಟ್ಟಿ, ಅವಳು ತಾಯಿಯ ಮಗ್ಗುಲಲ್ಲಿ ಮಲಗುತ್ತಾಳೆ. ಎರಡು ಗೋಲ್ಡ್ ತೆಗೆದುಕೊಂಡರೆ ಎರಡು ಹಾಸಿಗೆ ಖಾಲಿ ಉಳಿಯುತ್ತದೆ, ಅದರಲ್ಲಿ ಬೇರೆ ಯಾರನ್ನಾದರೂ ಹಾಕಬಹುದು. ಒಂದು ಗೋಲ್ಡ್, ಒಂದು ಡೈಮಂಡ್ ಆದರೆ ಸರಿಹೋಗುತ್ತದೆ. ಅಮ್ಮಿಗೆ ಎಪ್ಪತ್ತಮೂರು, ಎರಡೂ ಮೊಣಕಾಲು ಸವೆದಿವೆ, ರಾತ್ರಿ ಮೂರು ನಾಲ್ಕು ಬಾರಿ ಏಳುತ್ತಾರೆ. ತೂಗುವ ಹಡಗಿನ ಓಣಿಯಲ್ಲಿ ಅವರನ್ನು ನಡೆಸಿಕೊಂಡು ಹೋಗುವುದಾಗದು. ಆದ್ದರಿಂದ ಡೈಮಂಡ್ ಅಮ್ಮಿಗೆ ಮತ್ತು ಅವರ ಜೊತೆ ಇರುವವರಿಗೆ.

ಜೊತೆ ಇರುವವರು ಯಾರು? ನಾನು ಕ್ಷಣವೂ ಯೋಚಿಸದೆ ಬರೆದೆ: ಅಮ್ಮಿ, ಆಪಾ.

ಎಲ್ಲರ ಮುಂದೆ ಓದಿ ಹೇಳಿದೆ. ಮೊದಲು ಮುಖ ಸಣ್ಣ ಮಾಡಿಕೊಂಡವಳು ತಮ್ಮನ ಹೆಂಡತಿ. ಮದುವೆಯಾಗಿ ಹತ್ತು ವರ್ಷವಾದರೂ ಗಂಡನ ಜೊತೆ ಒಂದು ಊರಿಗೆ ಹೋದವಳಲ್ಲ. ನಡುಕೋಣೆಯ ಪಕ್ಕದ ಪರದೆ ಕಟ್ಟಿದ ಕೋಣೆಯಲ್ಲಿ ಸಂಸಾರ. ಒಂದು ಡೈಮಂಡ್ ತಮಗೂ ಮಕ್ಕಳಿಗೂ ಸಿಗುತ್ತದೆ ಎಂದು ಆಸೆಯಿಟ್ಟುಕೊಂಡಿದ್ದಳೇನೋ. ಅದನ್ನು ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ. "ನೀವು ಹೇಗೆ ಹೇಳ್ತೀರೋ ಹಾಗೆ ಬಾಜಿ" ಎಂದು ಒಳಗೆ ಹೋದಳು. ಮುಂದೆ ಎರಡು ದಿನ ನನ್ನ ಜೊತೆ ಮಾತು ಕಡಿಮೆ.

ಆಪಾ ಮಾತ್ರ ಬೇರೆಯೇ ಕೇಳಿದಳು. "ಬಂಕ್ ಕ್ಲಾಸ್ ಅಂತ ಇದೆಯಂತಲ್ಲ, ದ್ವೀಪದವರು ಹೋಗೋದು? ಅದು ಅಗ್ಗ ಅಲ್ವಾ? ನನ್ನನ್ನ ಅದರಲ್ಲಿ ಹಾಕು."

ಅದು ನಮ್ಮ ಪ್ರವಾಸದ ದರದಲ್ಲಿ ಇಲ್ಲ ಎಂದೆ. ಡೈಮಂಡಿನ ಹೆಚ್ಚಿನ ಹಣದ ಸಂಕೋಚವಿರಬೇಕು ಎಂದುಕೊಂಡೆವು. ತಮ್ಮ ಒಳ್ಳೆಯ ಮನಸ್ಸಿನಿಂದಲೇ "ನಿನ್ನ ಒಂಬತ್ತು ಸಾವಿರ ನಾವು ಕೊಡ್ತೀವಿ ಆಪಾ, ನೀನು ಯೋಚನೆ ಮಾಡಬೇಡ" ಎಂದ. ಆಪಾ ಎದ್ದು ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತಳು. ಮರುದಿನ "ನಾನು ಬರಲ್ಲ, ಮಗಳು ಬರಲಿ. ಮನೆ ನೋಡ್ಕೊಳ್ಳೋಕೆ ಒಬ್ಬರು ಬೇಕಲ್ಲ" ಎಂದಳು.

ಅಮ್ಮಿ ಊಟ ಬಿಟ್ಟರು. ಒಬ್ಬರನ್ನೂ ಬಿಡುವ ಹಾಗಿಲ್ಲ ಎಂದವರು ಅವರೇ ತಾನೆ.

ನಿಜ ಏನೆಂದು ನನಗೆ ಹೇಳಿದವಳು ಆಪಾಳ ಮಗಳು. ಒಂದು ಸಂಜೆ ಅಡುಗೆ ಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ, ನನ್ನ ಮುಖ ನೋಡದೆ ಹೇಳಿದಳು. "ಖಾಲಾ, ಅಮ್ಮಾಗೆ ದುಡ್ಡಿನ ಬೇಜಾರಲ್ಲ. ಹಡಗಲ್ಲಾದ್ರೂ ನಾಲ್ಕು ರಾತ್ರಿ ಮಲಗ್ತೀನಿ ಅಂತ ಅಂದ್ಕೊಂಡಿದ್ರು."

ನನ್ನ ಕೈ ನಿಂತಿತು. ಆಪಾಳ ಯಜಮಾನರು 2001ರಲ್ಲಿ ತೀರಿಕೊಂಡಾಗ ಅವಳು ಒಂದು ವರ್ಷದ ಕೂಸನ್ನೆತ್ತಿಕೊಂಡು ತವರಿಗೆ ಬಂದಳು. ಅಂದಿನಿಂದ ಅಮ್ಮಿಯ ಮಂಚದ ಪಕ್ಕದಲ್ಲಿ ಅವಳ ಹಾಸಿಗೆ. ಅಬ್ಬಾ ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗಲೂ ರಾತ್ರಿ ಎದ್ದವಳು ಅವಳೇ. ಹದಿನೆಂಟು ವರ್ಷದಲ್ಲಿ ಒಂದು ಇಡೀ ರಾತ್ರಿ ಅವಳು ನಿದ್ದೆ ಮಾಡಿದ್ದಾಳೆಯೇ ಎಂದು ನಾವು ಯಾರೂ ಕೇಳಿರಲಿಲ್ಲ. ನಾನು ವಾರಕ್ಕೊಮ್ಮೆ ಹೆಣ್ಣುಮಕ್ಕಳ ಇಜ್ತಿಮಾದಲ್ಲಿ ವಿಧವೆಯರ ಹಕ್ಕಿನ ಬಗ್ಗೆ ಮಾತನಾಡುವವಳು. ವಿಧವೆಯರಿಗಾಗಿ ಓಡಾಡುವವನಿಗೆ ಅಲ್ಲಾಹನ ಮಾರ್ಗದಲ್ಲಿ ಹೋರಾಡುವವನಷ್ಟೇ ಪುಣ್ಯವೆಂಬ ಪ್ರವಾದಿವರ್ಯರ(ಸ) ವಚನ ನನಗೆ ಬಾಯಿಪಾಠ. ನೋಟ್ ಪುಸ್ತಕದಲ್ಲಿ ಮಾತ್ರ ಅವಳನ್ನು ಸಂಬಳವಿಲ್ಲದ ದಾದಿಯ ಹಾಗೆ ಬರೆದಿಟ್ಟಿದ್ದೆ. ಅದೂ ಉಪಕಾರವೆಂಬಂತೆ, ಹೆಸರು ಡೈಮಂಡ್!

ಆ ಹಾಳೆ ಹರಿದೆ. ಹೊಸದರಲ್ಲಿ ಅಮ್ಮಿಯ ಪಕ್ಕ ನನ್ನ ಹೆಸರು ಬರೆದೆ. ಹೆಚ್ಚಿನ ಹಣ ವಾಷಿಂಗ್ ಮೆಷಿನ್‌ಗೆಂದು ತೆಗೆದಿಟ್ಟಿದ್ದರಲ್ಲಿ ಹೋಯಿತು. ಅಮ್ಮಿಯ ಹಾಸಿಗೆಯ ಹಣ ಅಮ್ಮಿಯದೇ. ಗೋಲ್ಡಿನಲ್ಲಿ ಆಪಾ, ಅವಳ ಮಗಳು, ನನ್ನ ಮಗಳು, ತಮ್ಮನ ಹೆಂಡತಿ ಮತ್ತು ಪುಟ್ಟಿ. ಹತ್ತು ಹಾಸಿಗೆ, ಹನ್ನೊಂದು ಮಂದಿ. ಆಪಾಗೆ ಹೋಗಿ ಹೇಳಿದೆ, "ನಿನಗೆ ಮೇಲಿನ ಹಾಸಿಗೆ. ಏಣಿ ಹತ್ತಬೇಕು. ಯಾರೂ ಕರೆದರೂ ಇಳಿಯೋ ಹಾಗಿಲ್ಲ." ಅವಳು ಬಹಳ ಹೊತ್ತು ಸೂಜಿಗೆ ದಾರ ಪೋಣಿಸುತ್ತಲೇ ಇದ್ದಳು. ಆಮೇಲೆ "ಅಮ್ಮಿಗೆ ಎಡಗಾಲು ಮೊದಲು ಇಳಿಸಬೇಕು, ಬಲಗಾಲು ಅಲ್ಲ. ನಿನಗೆ ಗೊತ್ತಿಲ್ಲ" ಎಂದಳು. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.

ಹೋಗಲು ಪರವಾನಗಿ ಬೇಕು, ಲಕ್ಷದ್ವೀಪಕ್ಕೆ ಸುಮ್ಮನೆ ಟಿಕೆಟ್ ತೆಗೆದು ಹೋಗಲಾಗುವುದಿಲ್ಲ. ಹನ್ನೊಂದು ಜನರ ಗುರುತಿನ ಚೀಟಿ, ಫೋಟೋ, ಅರ್ಜಿಗಳ ಗೋಜಿನಲ್ಲಿ ಒಂದು ತಿಂಗಳು ಕಳೆಯಿತು. 2019ರ ಫೆಬ್ರವರಿಯಲ್ಲಿ ಐಲ್ಯಾಂಡ್ ಎಕ್ಸ್‌ಪ್ರೆಸ್ ಹತ್ತಿದೆವು. ಆ ರೈಲು ಒಂದು ಕಾಲದಲ್ಲಿ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನವರೆಗೆ ಹೋಗುತ್ತಿದ್ದುದರಿಂದ ಆ ಹೆಸರು. ನಮ್ಮ ಹಡಗು ಹೊರಡುವುದೂ ಅದೇ ವಿಲ್ಲಿಂಗ್ಡನ್ ಐಲ್ಯಾಂಡಿನಿಂದ. ಅಮ್ಮಿ ಹಡಗಿನ ಮೆಟ್ಟಿಲು ಹತ್ತುವಾಗ ನೂಹ್(ಅ)ರವರ ದುಆ ಓದಿದರು, ಸೂರಃ ಹೂದ್‌ನಲ್ಲಿ ಬರುವುದು. ನಾನಾ ಅವರಿಗೆ ಕಲಿಸಿದ್ದಂತೆ. ನಲವತ್ತೈದು ವರ್ಷ ಮರೆಯದೆ ಇಟ್ಟುಕೊಂಡಿದ್ದರು.

ಸಂಜೆ ದಡ ಮರೆಯಾದ ಮೇಲೆ ನಮಾಝಿನ ಪ್ರಶ್ನೆ ಬಂತು. ಕೊಚ್ಚಿಯಿಂದ ದ್ವೀಪ ಇರುವುದು ಪಶ್ಚಿಮಕ್ಕೆ. ಆದ್ದರಿಂದ ಹೋಗುವಾಗ ಹಡಗಿನ ಮೂತಿ ಹೆಚ್ಚುಕಡಿಮೆ ಕಿಬ್ಲಾದ ಕಡೆಗೇ, ಸ್ವಲ್ಪ ಬಲಕ್ಕೆ ತಿರುಗಿದರೆ ಸಾಕು. ಅಮ್ಮಿಗೆ ಇದು ಎಷ್ಟು ಹಿಡಿಸಿತೆಂದರೆ "ಹಡಗೇ ಸಫ್‌ನಲ್ಲಿ ನಿಂತಿದೆ" ಎಂದರು. ನಿಂತು ಓದಬಲ್ಲವರು ನಿಂತೇ ಓದಬೇಕು, ತಲೆ ಸುತ್ತಿದರೆ ಕೂತು ಓದಬಹುದು. ನಮ್ಮದು ಹನಫಿ ಪದ್ಧತಿ, ಕಸ್ರ್ ಮಾಡಿದೆವು. ದ್ವೀಪದವರು ಶಾಫಿಗಳು. ಮರುದಿನ ಅವರು ಝುಹ್ರ್ ಮತ್ತು ಅಸ್ರ್ ಕೂಡಿಸಿ ಓದಿದ್ದನ್ನು ನೋಡಿ ಅಮ್ಮಿ ಗಾಬರಿಯಾದರು, "ಅವಸರದಲ್ಲಿ ಅಸ್ರ್ ಮೊದಲೇ ಓದಿಬಿಟ್ರಲ್ಲ!" ಪ್ರಯಾಣದಲ್ಲಿ ಅವರ ಮಝ್‌ಹಬ್‌ನಲ್ಲಿ ಅದಕ್ಕೆ ಅನುಮತಿ ಇದೆ, ಅವರದೂ ಸರಿ ನಮ್ಮದೂ ಸರಿ ಎಂದು ವಿವರಿಸಿದೆ. ತಮ್ಮನ ಹೆಂಡತಿಗೆ ಹೊಟ್ಟೆ ತೊಳಸಿ ಅವೋಮಿನ್ ಮಾತ್ರೆ ನುಂಗಿ ಮಲಗಿದಳು. ಮಿಕ್ಕವರಿಗೆ ಏನೂ ಆಗಲಿಲ್ಲ. ಫೆಬ್ರವರಿಯ ಸಮುದ್ರ ಶಾಂತವಾಗಿತ್ತು.

ಡೈಮಂಡ್ ಕ್ಯಾಬಿನ್ ಅಮ್ಮಿಗೆ ರಾತ್ರಿಗೆ ಮಾತ್ರ ಬೇಕಾಯಿತು. ಬೆಳಗಿನ ತಿಂಡಿ ಆದದ್ದೇ "ನನ್ನನ್ನ ಡೆಕ್ ಕ್ಲಾಸಿಗೆ ಕರ್ಕೊಂಡು ಹೋಗು" ಎಂದರು. ಹಾಗೆಂಬುದು ಇಲ್ಲ ಎಂದರೆ ಕೇಳಲಿಲ್ಲ. ಕೊನೆಗೆ ಆಪಾ ಮತ್ತು ನಾನು ಮೆಲ್ಲನೆ ಕೆಳಗಿನ ಬಂಕ್ ಕ್ಲಾಸಿಗೆ ಇಳಿಸಿದೆವು. ಉದ್ದನೆಯ ಹಾಲಿನಲ್ಲಿ ಸಾಲು ಸಾಲು ಹಾಸಿಗೆ. ಕೊಚ್ಚಿಯಲ್ಲಿ ಆಸ್ಪತ್ರೆಗೆ ತೋರಿಸಿ, ಸಾಮಾನು ಕೊಂಡು ಊರಿಗೆ ಮರಳುವ ದ್ವೀಪದವರು. ತರಕಾರಿಯ ಚೀಲ, ಹೊಸ ಮಿಕ್ಸಿ, ಮಲಗಿದ ಕೂಸುಗಳು. ಅಮ್ಮಿ ಒಂದು ಹಾಸಿಗೆಯ ಅಂಚಿನಲ್ಲಿ ಕುಳಿತರು. ಪಕ್ಕದಲ್ಲಿ ಅವರಷ್ಟೇ ವಯಸ್ಸಿನ ಹೆಂಗಸು. ಇವರದು ದಖನಿ ಉರ್ದು, ಅವರದು ಮಲಯಾಳಂ. ಸಲಾಮ್ ಆಯಿತು, ಇಬ್ಬರ ಕೈಯಲ್ಲೂ ತಸ್ಬೀಹ್. ಆಮೇಲೆ ಮೊಣಕಾಲು ತೋರಿಸಿಕೊಂಡು ಮಾತಾಡಿದರು. ಆ ತಾಯಿ ಡಬ್ಬದಿಂದ ಒಣಗಿದ ಮೀನಿನ ತುಂಡು, ಕೊಬ್ಬರಿಯ ಸಿಹಿ ತೆಗೆದು ಕೊಟ್ಟರು. ಅಮ್ಮಿ ಮಧ್ಯಾಹ್ನದವರೆಗೆ ಅಲ್ಲಿಂದ ಏಳಲಿಲ್ಲ. "ಅಬ್ಬಾ ಇಂಥದ್ದರಲ್ಲೇ ಹೋಗಿದ್ರು. ಇದೇ ವಾಸನೆ ಹೇಳ್ತಿದ್ರು" ಎಂದರು. ಒಂಬತ್ತು ಸಾವಿರ ಹೆಚ್ಚು ಕೊಟ್ಟ ಕ್ಯಾಬಿನ್ ಮೇಲೆ ಖಾಲಿ ಬಿದ್ದಿತ್ತು. ಯಜಮಾನರು ಅದರಲ್ಲಿ ಹೋಗಿ ನಿದ್ದೆ ಮಾಡಿದರಂತೆ.

ದ್ವೀಪಕ್ಕೆ ಇಳಿಯುವುದು ಕ್ಯಾಬಿನ್ ಆರಿಸುವಾಗ ಯಾರೂ ಹೇಳದಿದ್ದ ಸಂಗತಿ. ಹಡಗು ಲಗೂನಿನ ಹೊರಗೆ ನಿಲ್ಲುತ್ತದೆ, ಅದರ ಮಗ್ಗುಲ ಬಾಗಿಲಿನಿಂದ ಮೇಲೆ ಕೆಳಗೆ ಏಳುವ ಬೋಟಿಗೆ ದಾಟಬೇಕು. ಇಬ್ಬರು ನಾವಿಕರು ಅಮ್ಮಿಯ ತೋಳು ಹಿಡಿದು, ಅಲೆ ಮೇಲೇರುವ ಕ್ಷಣ ಕಾದು, ಮಗುವನ್ನು ದಾಟಿಸುವಂತೆ ದಾಟಿಸಿದರು. ಕವರತ್ತಿಯಲ್ಲಿ ಉಜ್ರಾ ಮಸೀದಿಯ ಕೆತ್ತನೆಯ ಮರದ ಛಾವಣಿ ನೋಡಿದೆವು. ಕಲ್ಪೇನಿಯಲ್ಲಿ ಮಕ್ಕಳು ಮೊಣಕಾಲುದ್ದದ ನೀರಿನಲ್ಲಿ ಗಂಟೆಗಟ್ಟಲೆ ಆಡಿದರು.

ಅಲ್ಲಿ ನನಗೆ ಹೆಚ್ಚು ಕುತೂಹಲವೆನಿಸಿದ್ದು ಮನೆಗಳ ವಿಷಯ. ದ್ವೀಪದವರು ಮುಸ್ಲಿಮರಾದರೂ ಅಳಿಯಕಟ್ಟಿನವರು. ಹಿಂದಿನಿಂದ ಬಂದ ಮನೆತನದ ಆಸ್ತಿಗೆ ಶುಕ್ರವಾರದ ಸ್ವತ್ತು ಎಂದು ಹೆಸರು, ಅದು ತಾಯಿಯ ಕಡೆಯಿಂದ ಇಳಿಯುತ್ತದೆ. ಸ್ವಂತ ದುಡಿದದ್ದು ಸೋಮವಾರದ ಸ್ವತ್ತು, ಅದು ಶರೀಅತ್ತಿನಂತೆ ಹಂಚಿಕೆಯಾಗುತ್ತದೆ. ಮದುವೆಯಾದರೂ ಹೆಣ್ಣು ತಾಯಿಯ ಮನೆಯಲ್ಲೇ ಇರುತ್ತಾಳೆ, ಗಂಡ ಅಲ್ಲಿಗೆ ಬಂದು ಹೋಗುವುದು ಹಿಂದಿನ ರೂಢಿ. ಇದನ್ನು ಸಮಾಜಶಾಸ್ತ್ರಜ್ಞೆ ಲೀಲಾ ದುಬೆಯವರು ಕಲ್ಪೇನಿಯಲ್ಲೇ ಅಧ್ಯಯನ ಮಾಡಿ 1969ರಲ್ಲಿ ಪುಸ್ತಕ ಬರೆದಿದ್ದಾರೆ. ವಾರಸುದಾರಿಕೆಯ ಬಗ್ಗೆ ನಾನು ಓದಿದ ಕಿತಾಬುಗಳಿಗೆ ಇದು ಪೂರ್ತಿ ಒಗ್ಗುವುದಿಲ್ಲ. ಆದರೂ ಆಪಾ ಕೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. "ಅಂದ್ರೆ ಇಲ್ಲಿ ಗಂಡ ಸತ್ತ ಹೆಂಗಸು ಯಾರ ಮನೆಗೂ ವಾಪಸ್ ಬರೋದಿಲ್ಲ, ಅಲ್ವಾ? ಅವಳು ಅವಳ ಮನೇಲೇ ಇರ್ತಾಳೆ."

ಮಿನಿಕಾಯ್ ದಿನ ಅಮ್ಮಿಗೆ ಕಾಲು ನೋವು, ಇಳಿಯುವುದಿಲ್ಲ ಎಂದರು. ಆಪಾ ಮಾತಿಲ್ಲದೆ ಚಪ್ಪಲಿ ಬಿಚ್ಚಿ ಕ್ಯಾಬಿನ್ ಕಡೆ ಹೊರಟಳು. ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮನ ಹೆಂಡತಿ ಅಡ್ಡ ಬಂದಳು. "ನೀವು ಹೋಗಿ ಆಪಾ, ನನಗೆ ಬೋಟು ಕಂಡ್ರೆ ವಾಂತಿ ಬರುತ್ತೆ. ನಾನು ಅಮ್ಮಿ ಹತ್ರ ಇರ್ತೀನಿ." ಅದು ನಿಜವೋ ನೆಪವೋ ನಾನು ಇಂದಿಗೂ ಕೇಳಿಲ್ಲ. ಹಿಂದಿನ ರಾತ್ರಿ ಆಪಾಳ ಮಗಳು ಚಿಕ್ಕವರಿಬ್ಬರನ್ನೂ ತನ್ನ ಹತ್ತಿರ ಮಲಗಿಸಿಕೊಂಡು, ಮಾಮಾ ಮಾಮಿಯನ್ನು ಡೆಕ್ಕಿಗೆ ಕಳಿಸಿದ್ದಳು. ಗಂಡ ಹೆಂಡತಿ ಹನ್ನೊಂದು ಗಂಟೆಯವರೆಗೆ ನಕ್ಷತ್ರ ನೋಡುತ್ತಾ ಕುಳಿತಿದ್ದರಂತೆ.

ಮಿನಿಕಾಯಿಯ ದೀಪಸ್ತಂಭ 1885ರಲ್ಲಿ ಕಟ್ಟಿದ್ದು. ಒಳಗಿನ ಮೆಟ್ಟಿಲುಗಳನ್ನು ಸುತ್ತಿ ಸುತ್ತಿ ಹತ್ತಬೇಕು. ನಾನು ಅರ್ಧಕ್ಕೇ ಏದುಸಿರು ಬಿಡುತ್ತಾ ನಿಂತೆ. ಐವತ್ತೊಂದರ ಆಪಾ ಬುರ್ಖಾದ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಮೇಲಕ್ಕೆ ಹೋಗಿಯೇಬಿಟ್ಟಳು. ನಾನು ತಲುಪಿದಾಗ ಕಂಬಿ ಹಿಡಿದು ನಿಂತಿದ್ದಳು. ಕೆಳಗೆ ತೆಂಗಿನ ತೋಟ, ಅದರಾಚೆ ಹಸಿರು ನೀರು, ಅದರಾಚೆ ನೀಲಿ ನೀರು, ಅದರಲ್ಲಿ ಬೆಂಕಿಪೆಟ್ಟಿಗೆಯಷ್ಟು ಚಿಕ್ಕದಾಗಿ ನಮ್ಮ ಹಡಗು. "ಅಮ್ಮಿ ಅದರಲ್ಲಿದ್ದಾರೆ ನೋಡು" ಎಂದಳು.

ಹಡಗಿನಲ್ಲಿ ನಾನು ಅಮ್ಮಿಯ ಜೊತೆ ಕಳೆದ ರಾತ್ರಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎ.ಸಿ.ಯ ತಂಪಿಗೆ ಅವರ ಮಂಡಿ ಹಿಡಿದುಕೊಳ್ಳುತ್ತಿತ್ತು. ಶೌಚಾಲಯದ ಬಾಗಿಲಿಗೆ ನೀರು ಹೊರಬಾರದಂತೆ ಎತ್ತರದ ಹೊಸಿಲು, ಅದನ್ನು ದಾಟಿಸುವಷ್ಟರಲ್ಲಿ ಹಡಗು ಒಮ್ಮೆ ವಾಲಿ ಇಬ್ಬರೂ ಗೋಡೆಗೆ ಒರಗುತ್ತಿದ್ದೆವು. ಎಡಗಾಲು ಮೊದಲು ಎಂಬುದನ್ನು ಮೊದಲ ರಾತ್ರಿ ಮರೆತು ಬೈಸಿಕೊಂಡೆ. ಕಣ್ಣು ಹತ್ತುವಾಗ ಮತ್ತೆ ಕರೆ, "ಬೇಟಿ". ಕತ್ತಲಲ್ಲಿ ಅವರು ಕರೆಯುತ್ತಿದ್ದುದು ಪ್ರತಿ ಸಲವೂ ಆಪಾಳ ಹೆಸರನ್ನು ಸೇರಿಸಿ. ನಾನು ಉತ್ತರಿಸಿದ ಮೇಲೆ ನೆನಪಾಗುತ್ತಿತ್ತು.

ಕೊಚ್ಚಿಗೆ ಮರಳುವ ದಿನ ಫಜ್ರ್‌ಗೆ ಎದ್ದು ಡೆಕ್ಕಿಗೆ ಬಂದೆ. ಈಗ ಕಿಬ್ಲಾ ಹಡಗಿನ ಹಿಂಬದಿಗಿತ್ತು. ಆಪಾ ಆಗಲೇ ನಮಾಝ್ ಮುಗಿಸಿ ಕುಳಿತಿದ್ದಳು. ಮುಖ ಸ್ವಲ್ಪ ಊದಿಕೊಂಡಿತ್ತು, ಚೆನ್ನಾಗಿ ನಿದ್ದೆ ಮಾಡಿದವರ ಮುಖದ ಹಾಗೆ.

"ರಾತ್ರಿ ಎಷ್ಟು ಸಲ ಎದ್ರು?" ಎಂದು ಕೇಳಿದಳು.

"ಮೂರು."

"ಪರವಾಗಿಲ್ಲ" ಎಂದಳು ಆಪಾ, ಜಾನಮಾಝ್ ಮಡಚುತ್ತಾ. "ಮನೇಲಾದ್ರೆ ನಾಲ್ಕು."